ಹಳೆಯ ಡಿಸ್ಕು ತೆಗೆದವಳು

ಮಾರ್ಚ್ ೧, ಶನಿವಾರ

ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದು ಯಾರದೆಂದು ಬರೆಯಬೇಕು ಎಂದು ಹೈಸ್ಕೂಲಿನಲ್ಲಿ ಕಲಿಸಿದ್ದರು. ಹಾಗಾಗಿ ಬರೆಯುತ್ತೇನೆ. ನಾನು ಈ ಮನೆಯ ಹಿರಿಯಳು. ವಯಸ್ಸು ಅರವತ್ಮೂರು. ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಡೆಯುವ ನಮ್ಮ ಬೂಟಿನ ಕಾರ್ಖಾನೆಗೂ ನಾನೇ ಹಿರಿಯಳು. ಯಜಮಾನರು ಇದ್ದಾಗ ಕೊನೆಯ ಮಾತು ನನ್ನದಾಗಿತ್ತು. ಅವರು ಹೋಗಿ ಆರು ವರ್ಷವಾಯಿತು, ಈಗ ಮೊದಲ ಮಾತೂ ನನ್ನದೇ. ಕೆಲಸದವರು ಎದುರಿಗೆ ದೊಡ್ಡಮ್ಮ ಅನ್ನುತ್ತಾರೆ, ಬೆನ್ನ ಹಿಂದೆ ಇಕ್ಕಳ ಅನ್ನುತ್ತಾರೆ. ಹಿಡಿದದ್ದನ್ನು ಬಿಡುವುದಿಲ್ಲವಂತೆ. ಅನ್ನಲಿ. ಇಕ್ಕಳವಿಲ್ಲದೆ ಯಾರೂ ಬೂಟು ಕಟ್ಟಿಲ್ಲ.

ಅಂಗಡಿಯಲ್ಲಿ ಸಾಲಾಗಿ ಇಟ್ಟ ಬೂಟು ಎಲ್ಲರ ಕಾಲಿಗೂ ಆಗುವುದಿಲ್ಲ. ಒಂದು ಕಾಲು ಗಿಡ್ಡ ಇರುವವರು, ಬೆರಳು ಮಡಚಿಕೊಂಡವರು, ಕಾಯಿಲೆಯಲ್ಲಿ ಅರ್ಧ ಪಾದ ಕಳೆದುಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕಾಲಿನ ಅಳತೆ ನಮ್ಮಲ್ಲಿದೆ. ಮೊದಲು ಅವೆಲ್ಲ ಕಂದು ಕಾಗದದ ಮೇಲೆ ಮಾವನವರು ಪೆನ್ಸಿಲಿನಿಂದ ಬರೆದ ಪಾದಗಳಾಗಿದ್ದವು. ನಾನು ಸೊಸೆಯಾಗಿ ಬಂದಾಗ ಆ ಕಾಗದ, ಮುರಿದ ಮರದ ಅಚ್ಚು, ಚರ್ಮದ ಚೂರು ಸೇರಿ ಕಾರ್ಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರಿಗೆಲ್ಲ ಕಾಲಿನ ಉಪಕಾರ ಮಾಡುವವರ ಮನೆಯಲ್ಲಿ ಕಾಲಿಗೆ ಜಾಗವಿಲ್ಲ! ಒಂದು ನಿಯಮ ಮಾಡಿದೆ. ಹೊಸದು ಒಳಗೆ ಬಂದ ದಿನವೇ ಹಳೆಯದು ಹೊರಗೆ. ಹಲಗೆಯ ಮೇಲೆ ಬಣ್ಣದಲ್ಲಿ ಬರೆಸಿ ಬಾಗಿಲ ಮೇಲೆ ಹೊಡೆಸಿದೆ. ಕಾರ್ಖಾನೆ ತಲೆ ಎತ್ತಿದ್ದು ಆ ಹಲಗೆಯಿಂದ.

ಹನ್ನೊಂದು ವರ್ಷದ ಹಿಂದೆ ಕಂಪ್ಯೂಟರ್ ಮತ್ತು ಅದು ಹೇಳಿದಂತೆ ಚರ್ಮ ಕತ್ತರಿಸುವ ಯಂತ್ರ ಬಂದವು. ಅವನ್ನು ನೋಡಿಕೊಳ್ಳುವುದು ನನ್ನ ನಾದಿನಿ. ಯಜಮಾನರ ತಂಗಿ, ಐವತ್ತನಾಲ್ಕು ವರ್ಷ, ಮದುವೆಯಾಗಿಲ್ಲ. ಎರಡು ವರ್ಷ ಕೂತು ಅಷ್ಟೂ ಪಾದಗಳನ್ನು ಕಂಪ್ಯೂಟರಿಗೆ ಏರಿಸಿದಳು. ಏರಿಸಿ ಮುಗಿದ ದಿನ ಕಾಗದಗಳನ್ನು ಹಿತ್ತಲಲ್ಲಿ ಸುಡಿಸಿದೆ. "ಅಪ್ಪನ ಕೈಬರಹ ಅತ್ತಿಗೆ, ಒಂದು ಕಟ್ಟಾದರೂ ಇಟ್ಟುಕೊಳ್ತೀನಿ" ಅಂದಳು. ಒಬ್ಬರಿಗೆ ಬಿಟ್ಟರೆ ನಿಯಮ ಎಲ್ಲಿ ಉಳಿಯುತ್ತದೆ?

ಈಗ ಕಂಪ್ಯೂಟರಿನ ಡಿಸ್ಕು ಒಂದು ತಿಂಗಳಿಂದ ಟಕಟಕ ಅನ್ನುತ್ತಿತ್ತು. ನಾದಿನಿ ಹೊಸದು ತರಿಸಿ, ಮೂರು ದಿನ ಕೂತು ಎಲ್ಲವನ್ನೂ ಅದಕ್ಕೆ ದಾಟಿಸಿದಳು. ಇವತ್ತು ಸಂಜೆ ಮುಗಿಯಿತು.

"ಹಳೆಯದು?" ಎಂದೆ.

"ಕಂಪ್ಯೂಟರ್ ಪೆಟ್ಟಿಗೆಯಲ್ಲೇ ಇರಲಿ ಅತ್ತಿಗೆ. ಸೋಮವಾರ ಅದರ ತಂತಿ ಬಿಚ್ಚಿ, ಹೊಸದು ಒಂದೇ ಏಳುತ್ತಾ ಅಂತ ಪರೀಕ್ಷೆ ಮಾಡ್ಬೇಕು. ಅಲ್ಲಿವರೆಗೂ ಯಾರೂ ಮುಟ್ಟಬಾರದು."

ಯಾರೂ ಮುಟ್ಟಬಾರದು! ನನ್ನ ಕಾರ್ಖಾನೆಯಲ್ಲಿ ನನಗೇ.

ಮಾರ್ಚ್ ೨, ಭಾನುವಾರ

ರಜೆ. ಮಧ್ಯಾಹ್ನ ನಾದಿನಿ ಲೈಬ್ರರಿಗೆ ಹೋದಳು, ಮಗ ಮಲಗಿದ್ದ. ನಾನು ಕೆಳಗೆ ಹೋಗಿ ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದೆ. ಯಾವುದು ಹಳೆಯದೆಂದು ಕಂಡುಹಿಡಿಯಲು ಪದವಿ ಬೇಕಿಲ್ಲ. ಹೊಸದು ಬಿಸ್ಕತ್ತಿನಷ್ಟು ಹಗುರ, ಹಳೆಯದು ಇಟ್ಟಿಗೆ. ತೆಗೆದು, ಮುಚ್ಚಿ, ಸ್ಕ್ರೂ ಬಿಗಿದೆ. ಇಟ್ಟಿಗೆಯನ್ನು ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಕಂಬಳಿಯ ಅಡಿ ಇಟ್ಟಿದ್ದೇನೆ. ಗುಜರಿಯವನು ಬುಧವಾರ ಬರುತ್ತಾನೆ.

ನಿಯಮ ಒಂದು ದಿನ ತಡವಾಯಿತು. ಪರವಾಗಿಲ್ಲ.

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಬಸ್ ಕಂಡಕ್ಟರಮ್ಮ ಬಂದಳು. ನಮ್ಮ ಹಳೆಯ ಗಿರಾಕಿ, ಎಡಗಾಲು ಗಿಡ್ಡ. ಅಟ್ಟೆ ಬಿರಿದ ಬೂಟನ್ನು ಕೈಯಲ್ಲಿ ಹಿಡಿದಿದ್ದಳು. "ದೊಡ್ಡಮ್ಮ, ಮುಂದಿನ ಸೋಮವಾರದಿಂದ ಉದ್ದದ ರೂಟಿಗೆ ಹಾಕಿದ್ದಾರೆ. ದಿನಕ್ಕೆ ಒಂಬತ್ತು ಗಂಟೆ ನಿಂತೇ ಇರ್ಬೇಕು. ಇದ್ರಲ್ಲಿ ನಿಂತರೆ ನಾನೇ ಟಿಕೆಟ್ ತಗೊಳ್ತೀನಿ, ಆಸ್ಪತ್ರೆಗೆ." ಹೊಲಿಗೆ ಕೆಲಸದಾಕೆ ಜೋರಾಗಿ ನಕ್ಕಳು.

ನಾದಿನಿ ಕಂಪ್ಯೂಟರ್ ಹಾಕಿದಳು. ಪರದೆ ಕಪ್ಪಗಾಯಿತು. ಮೇಲಿನ ಮೂಲೆಯಲ್ಲಿ ಎರಡು ಸಾಲು ಬಿಳಿಯ ಅಕ್ಷರ. ಇಂಗ್ಲಿಷ್ ನಾನೂ ಓದಬಲ್ಲೆ. ಶುರು ಮಾಡಲು ಬೇಕಾದ ಡಿಸ್ಕು ಸಿಗಲಿಲ್ಲ, ಹಾಕಿ ಯಾವುದಾದರೂ ಗುಂಡಿ ಒತ್ತಿ ಎಂದು. ಒತ್ತಿದಳು. ಅದೇ ಎರಡು ಸಾಲು. ಮತ್ತೆ ಒತ್ತಿದಳು. ಮಗ ಬಂದ, ಹೊಲಿಗೆಯವರು ಎದ್ದು ಬಂದರು. ಕಂಡಕ್ಟರಮ್ಮ ಒಂಟಿಕಾಲಲ್ಲಿ ನಿಂತು ನೋಡುತ್ತಿದ್ದಳು.

ನನಗೆ ಸಿಟ್ಟು ಬಂತು. ಮೂರು ದಿನ ಕೂತು ಮಾಡಿದ್ದು ಇದೇನಾ ಎಂದೆ. ಚೆನ್ನಾಗಿದ್ದ ಯಂತ್ರವನ್ನು ಕೆಡಿಸಿ ಕೂರಿಸಿದೆ ಎಂದೆ. ಐವತ್ತು ದಾಟಿದವಳಿಗೆ ಯಾಕೆ ಬೇಕಿತ್ತು ಈ ಕಸರತ್ತು ಎಂದೂ ಅಂದೆ. ಗಿರಾಕಿಯ ಎದುರಿಗೇ.

ಅವಳು ಪೆಟ್ಟಿಗೆ ಬಿಚ್ಚಿದಳು. ಒಳಗೆ ಒಂದು ತಂತಿ ತುದಿಯಲ್ಲಿ ಏನೂ ಇಲ್ಲದೆ ನೇತಾಡುತ್ತಿತ್ತು.

"ಹಳೇ ಡಿಸ್ಕು ಇಲ್ಲ," ಎಂದಳು. "ಯಾರು ತೆಗೆದರು?"

ಆಗಲೇ ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಮಗ ಮೇಜಿನ ಮೇಲಿದ್ದ, ಅವಳು ಕೆಲಸ ಬರೆದಿಡುವ ಪುಸ್ತಕ ತಿರುವಿ ಓದಿದ: "'ಸೋಮವಾರ, ಹಳೆಯದರ ತಂತಿ ಬಿಚ್ಚಿ ಪರೀಕ್ಷೆ.' ಅತ್ತೆ, ನಿಮ್ಮ ಕೈಬರಹವೇ. ನೀವೇ ಬಿಚ್ಚಿ ಎಲ್ಲೋ ಇಟ್ಟಿರ್ತೀರಿ. ಕನ್ನಡಕದ ಹಾಗೆ." ಎಲ್ಲರೂ ನಕ್ಕರು, ಏಕೆಂದರೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಹುಡುಕುವುದು ಅವಳ ಅಭ್ಯಾಸ.

ಅವಳೂ ನಕ್ಕಳು. ಆಮೇಲೆ ನಗು ನಿಂತಿತು. "ನಾನೇ ಬಿಚ್ಚಿದೆನಾ?" ಎಂದು ನನ್ನ ಕಡೆ ನೋಡಿದಳು.

"ಮತ್ತಿನ್ಯಾರು?" ಎಂದೆ.

ಮಾರ್ಚ್ ೪, ಮಂಗಳವಾರ

ಕಂಪ್ಯೂಟರ್ ರಿಪೇರಿಯವನು ಬಂದಿದ್ದ. ಬಾಯಿ ನಿಲ್ಲುವುದಿಲ್ಲ, ಅದಕ್ಕೇ ರೇಡಿಯೋ ಎಂದು ಹೆಸರು. ಪೆನ್‌ಡ್ರೈವ್ ಹಾಕಿ ಎರಡು ಗಂಟೆ ಏನೇನೋ ಮಾಡಿದ.

"ಹೊಸ ಡಿಸ್ಕಲ್ಲಿ ಎಲ್ಲಾ ಇದೆ ದೊಡ್ಡಮ್ಮ, ಒಬ್ಬರ ಕಾಲೂ ಕಳೆದಿಲ್ಲ. ಆದ್ರೆ ಈ ಪೆಟ್ಟಿಗೆ ಬೆಳಿಗ್ಗೆ ಎದ್ದ ತಕ್ಷಣ ಒಂದು ಚೀಟಿ ಓದುತ್ತೆ, ಎಲ್ಲಿಂದ ಶುರು ಮಾಡ್ಬೇಕು ಅಂತ. ಆ ಚೀಟಿ ಒಂದೇ ಹಳೇ ಡಿಸ್ಕಲ್ಲಿ ಉಳ್ಕೊಂಡಿದೆ. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ ಬೀಗದ ಕೈ ಹಳೇ ಮನೇಲೇ ಬಿಟ್ಟ ಹಾಗೆ."

"ಹೊಸ ಚೀಟಿ ಬರಿ," ಎಂದೆ.

"ಬರೆದೆ. ಎರಡು ಸಲ ಬರೆದೆ. ಪೆಟ್ಟಿಗೆ ಹಳೇ ಕಾಲದ್ದು, ಡಿಸ್ಕು ಹೊಸ ಪದ್ಧತಿದು. ಇದರ ಮಾತು ಅದಕ್ಕೆ ತಿಳಿಯಲ್ಲ. ಎಲ್ಲಾ ಅಳಿಸಿ ಹೊಸದಾಗಿ ಹಾಕಬಹುದು, ಆದ್ರೆ ಕತ್ತರಿಸೋ ಯಂತ್ರದ ಪ್ರೋಗ್ರಾಮು ಮತ್ತೆ ಸಿಗಲ್ಲ, ಮಾಡಿದವರೇ ಅಂಗಡಿ ಮುಚ್ಚಿದ್ದಾರೆ. ಹಳೇ ಡಿಸ್ಕು ಇದ್ದಿದ್ರೆ ಹತ್ತು ನಿಮಿಷದ ಕೆಲಸ. ಯಾರು ಪುಣ್ಯಾತ್ಮರು ತೆಗೆದ್ರೋ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನನ್ನ ಕೈ ಬೀರುವಿನ ಬೀಗದ ಕೈಯ ಮೇಲಿತ್ತು.

ನಾದಿನಿ ನಿನ್ನೆಯಿಂದ ಹುಡುಕುತ್ತಿದ್ದಾಳೆ. ಅಂಟಿನ ಡಬ್ಬಗಳ ಹಿಂದೆ, ಮರದ ಅಚ್ಚುಗಳ ಚೀಲದಲ್ಲಿ, ತನ್ನ ಹಾಸಿಗೆಯ ಅಡಿಯಲ್ಲಿ. ಅಡುಗೆ ಮನೆಯ ಹಿಟ್ಟಿನ ಡಬ್ಬದಲ್ಲಿ ಕೈ ಹಾಕಿ ನೋಡುತ್ತಿದ್ದಳು.

"ಅಲ್ಲಿ ಯಾಕೆ ಇರುತ್ತೆ?" ಎಂದೆ.

"ಅಮ್ಮ ಇಡ್ತಿದ್ದಳಲ್ಲ ಅತ್ತಿಗೆ, ಬಾಚಣಿಗೆ, ಹಲ್ಲಿನ ಸೆಟ್ಟು, ಎಲ್ಲಾ ಹಿಟ್ಟಲ್ಲೇ."

ಹೌದು. ಅತ್ತೆಯವರಿಗೆ ಕೊನೆಯ ಏಳು ವರ್ಷ ಯಾರ ಗುರುತೂ ಇರಲಿಲ್ಲ. ನಾನೇ ನೋಡಿಕೊಂಡೆ.

ಮಾರ್ಚ್ ೬, ಗುರುವಾರ

ನಿನ್ನೆ ಗುಜರಿಯವನು ಬಂದ. ಡಿಸ್ಕು ಕೊಡಲಿಲ್ಲ. ಕೊಟ್ಟುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾಕೆ ಕೊಡಲಿಲ್ಲವೋ.

ಕಂಡಕ್ಟರಮ್ಮನಿಗೆ ಮಾತು ಕೊಟ್ಟಾಗಿದೆ. ಕೈಯಲ್ಲೇ ಕತ್ತರಿಸೋಣ ಎಂದ ಮಗ. ಅಳತೆ? ಅವಳನ್ನು ಮತ್ತೆ ಕರೆಸಬೇಕು ಎನ್ನುವಷ್ಟರಲ್ಲಿ ನಾದಿನಿ ಮೂಲೆಯಿಂದ ಹೇಳಿದಳು: "ಎಡಗಾಲು ಮುಕ್ಕಾಲು ಇಂಚು ಗಿಡ್ಡ. ಹೆಬ್ಬೆರಳ ಬುಡದಲ್ಲಿ ಗಂಟಿದೆ, ಅಲ್ಲಿ ಎರಡು ನೂಲು ಸಡಿಲ ಬಿಡ್ಬೇಕು. ಬಲಗಾಲ ಹಿಮ್ಮಡಿ ಒಳಗಡೆ ಸವೆಯುತ್ತೆ, ಅಲ್ಲಿ ದಪ್ಪ ಚರ್ಮ." ಮಗ ಬರೆದುಕೊಂಡು ಕತ್ತರಿಸಿದ. ಸಂಜೆ ಕಂಡಕ್ಟರಮ್ಮ ಬಂದು ಹಾಕಿಕೊಂಡು ಕೋಣೆಯುದ್ದಕ್ಕೂ ನಡೆದಳು. "ಕಾಲಿದೆ ಅನ್ನೋದೇ ಮರೆತುಹೋಯ್ತು!" ಎಂದಳು.

"ನೋಡು," ಎಂದೆ ನಾದಿನಿಗೆ, "ಇಷ್ಟು ನೆನಪಿದೆಯಲ್ಲ ನಿನಗೆ."

"ಹಳೇದು ನೆನಪಿರುತ್ತೆ ಅತ್ತಿಗೆ. ಅಮ್ಮನಿಗೂ ಹಾಗೇ ಇತ್ತು. ಚಿಕ್ಕಂದಿನ ಪಕ್ಕದ ಮನೆಯವರ ಹೆಸರೆಲ್ಲ ಹೇಳ್ತಿದ್ದಳು. ನಿನ್ನೆಯದೇ ಇರ್ತಿರಲಿಲ್ಲ."

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಕೊಡಲಿಲ್ಲ. ಹೊಲಿಗೆಯವರಿದ್ದರು, ಕಂಡಕ್ಟರಮ್ಮ ಇದ್ದಳು. ನಲವತ್ತು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ತಪ್ಪಾಯಿತು ಎಂದದ್ದನ್ನು ಯಾರೂ ಕೇಳಿಲ್ಲ.

ಮಾರ್ಚ್ ೭, ಶುಕ್ರವಾರ

ರೇಡಿಯೋಗೆ ಆಗದ್ದು ಅವಳಿಗೆ ಆಗುತ್ತಿತ್ತು ಎಂದು ಮಗ ಹೇಳುತ್ತಾನೆ. ಹಳೆಯದಿಲ್ಲದೆಯೂ ಏನೋ ದಾರಿ ಇದೆಯಂತೆ, ಅವಳ ಪುಸ್ತಕದಲ್ಲಿ ಬರೆದಿದೆಯಂತೆ. "ಅತ್ತೆ, ಒಂದು ಸಲ ಕೂತು ನೋಡಿ" ಎಂದ. ಅವಳು ಕುರ್ಚಿಯವರೆಗೆ ಹೋಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು.

"ಬೇಡ ಕಂದ. ಇನ್ನೇನು ಅಳಿಸಿಬಿಡ್ತೀನೋ. ಮಾಡಿದ್ದು ನನಗೇ ಗೊತ್ತಾಗಲ್ಲ."

ಕೈಯನ್ನು ಹಿಂದೆ ಕಟ್ಟಿಕೊಂಡದ್ದು, ಗಾಜಿನ ಸಾಮಾನಿನ ಅಂಗಡಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಹೇಳುತ್ತೇವಲ್ಲ, ಹಾಗೆ.

ಮಾರ್ಚ್ ೧೦, ಸೋಮವಾರ

ಮರೆವಿನ ಡಾಕ್ಟರರ ಹತ್ತಿರ ಹೋಗಬೇಕೆಂದು ಅವಳೇ ಹೇಳಿದಳು. ಜೊತೆಗೆ ಮನೆಯವರು ಒಬ್ಬರು ಇರಬೇಕಂತೆ. ಮಗನನ್ನು ಕಳಿಸುತ್ತೇನೆ ಎಂದೆ. "ನೀವೇ ಬನ್ನಿ ಅತ್ತಿಗೆ. ನನ್ನನ್ನು ಹದಿನಾಲ್ಕನೇ ವಯಸ್ಸಿನಿಂದ ನೋಡಿದವರು ನೀವೇ."

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ನಾದಿನಿ ಸರಿಯಾಗಿಯೇ ಹೇಳುತ್ತಿದ್ದಳು. ಆದರೆ ಪ್ರತಿ ಉತ್ತರ ಕೊಟ್ಟ ಮೇಲೆ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ಡಿಸ್ಕಿನ ಕಥೆಯನ್ನು ತಾನೇ ಹೇಳಿದಳು. ಕೈಯಾರೆ ತೆಗೆದು, ಎಲ್ಲೋ ಇಟ್ಟು, ತೆಗೆದದ್ದೇ ನೆನಪಿಲ್ಲ ಎಂದು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಮನೆಯವರು ಏನು ಹೇಳ್ತೀರಿ? ಹೀಗೇ ಆಯ್ತಾ?"

"ಹೌದು," ಎಂದೆ.

ಅವರು ಬರೆದುಕೊಂಡರು. ಕೆಳಗೆ ವಿವರ ಹೇಳಿದವರ ಸಹಿ ಎಂದಿತ್ತು. ಹಾಕಿದೆ. ನನ್ನ ಸಹಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ಒಂದೊಂದು ಅಕ್ಷರವೂ ಬಿಡಿಸಿದಂತಿರುತ್ತದೆ.

ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದರು. ಅವರ ತಾಯಿಗೆ ಇತ್ತಲ್ಲ, ಎಚ್ಚರವಾಗಿರೋಣ ಎಂದರು. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು ಇಡೀ ದಾರಿ ಏನೋ ಪಿಸುಗುಟ್ಟುತ್ತಿದ್ದಳು. ಬಾಗಿ ಕೇಳಿದೆ. ಇಳಿಯಬೇಕಾದ ಸ್ಟಾಪಿನ ಹೆಸರು.

ಮಾರ್ಚ್ ೧೩, ಗುರುವಾರ

ಹೋಗುತ್ತಾಳಂತೆ.

ನಮ್ಮ ಗಿರಾಕಿಯಾಗಿದ್ದ ಒಬ್ಬ ನರ್ಸಮ್ಮ ರಿಟೈರಾದ ಮೇಲೆ ಆರೈಕೆ ಮನೆ ನಡೆಸುತ್ತಾರೆ, ಎಂಟು ಹಾಸಿಗೆಗಳದು. ಅಲ್ಲಿ ಒಂದು ಕೋಣೆ ಗೊತ್ತು ಮಾಡಿಕೊಂಡು ಬಂದಿದ್ದಾಳೆ. ಮಗ ಕೂಗಾಡಿದ. ನಾನೂ ಕೂಗಾಡಿದೆ, ಜನ ಏನನ್ನುತ್ತಾರೆ ಎಂದೆ.

ಅವಳು ಬಟ್ಟೆ ಮಡಚುತ್ತಲೇ ಹೇಳಿದಳು: "ಅಮ್ಮನ ಏಳು ವರ್ಷ ನಿಮ್ಮ ತಲೆ ಮೇಲೆ ಬಿತ್ತು ಅತ್ತಿಗೆ. ನಾನು ನೋಡಿದ್ದೀನಲ್ಲ. ಒಂದು ದಿನ ಅವಳು ನಿಮಗೆ ಹೊಡೆದಳು, ನೀವು ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು, ಮತ್ತೆ ಬಂದು ಊಟ ಮಾಡಿಸಿದಿರಿ. ಇನ್ನೊಬ್ಬಳನ್ನು ನಿಮಗೆ ಹೊರಿಸಲ್ಲ. ಬುದ್ಧಿ ಇರುವಾಗಲೇ ಹೋಗ್ತೀನಿ."

ಅತ್ತದ್ದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ನನ್ನ ಬೀರು ಅವಳ ಬೆನ್ನಿಗೆ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಮಾರ್ಚ್ ೧೪, ಶುಕ್ರವಾರ

ಹೋದಳು. ಒಂದು ಸೂಟ್‌ಕೇಸು, ಒಂದು ಛತ್ರಿ.

ಮಾರ್ಚ್ ೧೬, ಭಾನುವಾರ

ಖಾಲಿ ಕೋಣೆಯನ್ನು ಹಾಗೇ ಬಿಡಬಾರದು. ಚರ್ಮದ ಸುರುಳಿ ಇಡಲು ಮೇಲೆ ಜಾಗ ಬೇಕೆಂದು ಮಗ ಬಹಳ ದಿನದಿಂದ ಹೇಳುತ್ತಿದ್ದ. ಬೆಳಿಗ್ಗೆ ಪೊರಕೆ ಹಿಡಿದು ಅವಳ ಕೋಣೆಗೆ ಹೋದೆ. ಗೋಡೆಯ ಮೇಲೆ ಚೀಟಿಗಳು, ಅವಳ ಕೈಬರಹ. ದೀಪ ಆರಿಸು. ಮಾತ್ರೆ ತಿಂದೆ, ಗುರುವಾರ. ಕನ್ನಡಕ ತಲೆಯ ಮೇಲೆ ನೋಡು. ಎಲ್ಲ ಈ ಹತ್ತು ದಿನದವು.

ಕಪಾಟಿನಲ್ಲಿ ಹಾಸಿದ್ದ ಹಳೆಯ ಪತ್ರಿಕೆ ಎತ್ತಿದಾಗ ಅಡಿಯಲ್ಲಿ ಒಂದು ಕಂದು ಕಾಗದವಿತ್ತು. ಎಲ್ಲ ಸುಟ್ಟಿದ್ದೆ ಎಂದುಕೊಂಡಿದ್ದೆ. ಒಂದು ಉಳಿಸಿಕೊಂಡಿದ್ದಾಳೆ. ಸಣ್ಣ ಪಾದ, ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಕಿರುಬೆರಳಿನ ಹತ್ತಿರ ಪೆನ್ಸಿಲ್ ಅಲುಗಾಡಿದೆ, ಕಚಗುಳಿಯಾಗಿ ಕಾಲು ಎಳೆದುಕೊಂಡಿರಬೇಕು. ಪಕ್ಕದಲ್ಲಿ ಮಾವನವರ ಕೈಬರಹ:

"ನನ್ನ ಮಗಳು. ಆರು ವರ್ಷ. ಬೆಳೆಯುವ ಕಾಲು. ಅರ್ಧ ಇಂಚು ಬಿಟ್ಟು ಕತ್ತರಿಸಿ."

ನೆಲದ ಮೇಲೆ ಕೂತುಬಿಟ್ಟೆ. ಮೊಣಕಾಲು ನೋವು, ಬೇಗ ಏಳಲಾಗಲಿಲ್ಲ. ಮಗ ಬಂದು ಏನಾಯ್ತಮ್ಮ ಎಂದ. ಧೂಳು ಎಂದೆ.

ನಾನು ಬಂದಾಗ ಅವಳಿಗೆ ಹದಿನಾಲ್ಕು. ಮೊದಲ ವಾರ ನನ್ನ ಹಿಂದೆಯೇ ತಿರುಗುತ್ತಿದ್ದಳು. ಅವಳ ಜಡೆ ನಾನೇ ಹೆಣೆದದ್ದು. ಮದುವೆ ಬೇಡ ಎಂದಾಗ ಯಾಕೆ ಎಂದು ಎರಡನೆಯ ಸಲ ಕೇಳಲಿಲ್ಲ, ಏಕೆಂದರೆ ಕಾರ್ಖಾನೆಗೆ ಕೈ ಬೇಕಿತ್ತು. ಇದನ್ನು ಇವತ್ತಿನವರೆಗೆ ಎಲ್ಲೂ ಬರೆದಿರಲಿಲ್ಲ.

ಮಾತು ಮನೆ ಕೆಡಿಸಿತು ಎನ್ನುತ್ತಾರೆ. ನಮ್ಮ ಮನೆ ಕೆಡಿಸಿದ್ದು ಆಡದ ಮಾತು.

ಸುರುಳಿಗಳನ್ನು ಬೇರೆಡೆ ಇಡಲು ಹೇಳಿದೆ.

ಮಾರ್ಚ್ ೧೭, ಸೋಮವಾರ

ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಆರೈಕೆ ಮನೆಗೆ ಹೋದೆ. ಬೀದಿಯ ಕೊನೆಯ ಹಳದಿ ಕಟ್ಟಡ. ಜಗಲಿಯಲ್ಲಿ ನಾಲ್ವರು ಮುದುಕಿಯರು ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಐದನೆಯವಳು ಅವಳು. ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅವರ ಹಾಗೇ ಕೈ ಮಡಿಲಲ್ಲಿಟ್ಟು ಕೂತಿದ್ದಳು.

"ಬನ್ನಿ ಅತ್ತಿಗೆ. ಇವತ್ತು ಸೋಮವಾರ ಅಲ್ವಾ?" ಪುಸ್ತಕ ತೆರೆದು ಗುರುತು ಹಾಕಿಕೊಂಡಳು. ಎದ್ದೆ. ಸ್ನಾನ ಆಯಿತು. ತಿಂಡಿ ಆಯಿತು. ಅತ್ತಿಗೆ ಬಂದರು. ಒಂದೊಂದರ ಮುಂದೆಯೂ ಒಂದು ಗೆರೆ.

ಪಕ್ಕದ ಮುದುಕಿ ನನ್ನನ್ನು ತೋರಿಸಿ ಕೇಳಿದಳು: "ಯಾರಮ್ಮ ಇವರು?"

"ನಮ್ಮ ಅತ್ತಿಗೆ. ನನ್ನನ್ನು ಬೆಳೆಸಿದವರು."

"ನೋಡಿದ್ರೆ ಗೊತ್ತಾಗುತ್ತೆ, ಬೈತಾರೆ ಅಂತ," ಎಂದಳು ಮುದುಕಿ. ನಾದಿನಿ ನಕ್ಕಳು. ಎಷ್ಟೋ ದಿನವಾಗಿತ್ತು ಆ ನಗು ಕೇಳಿ.

ಚೀಲ ಮಡಿಲಲ್ಲೇ ಇತ್ತು. ಇಲ್ಲಿ ಹೇಳಿದರೆ ಕೇಳುವವರು ನಾಲ್ವರು ಮುದುಕಿಯರು, ಊಟದ ಹೊತ್ತಿಗೆ ಮರೆಯುವವರು. ಅದು ಸುಲಭ. ಸುಲಭ ಎಂದು ಗೊತ್ತಾದದ್ದರಿಂದಲೇ ಹೇಳಲಿಲ್ಲ. ಬೈದದ್ದು ಎಲ್ಲಿಯೋ ಹೇಳುವುದೂ ಅಲ್ಲಿಯೇ.

"ಬುಧವಾರ ಒಂಬತ್ತಕ್ಕೆ ಕಾರ್ಖಾನೆಗೆ ಬಾ. ಒಂದು ಸಲ ಸಾಕು," ಎಂದೆ.

"ಯಾಕೆ ಅತ್ತಿಗೆ?"

"ಬಾ ಅಂದೆನಲ್ಲ."

ಪುಸ್ತಕದಲ್ಲಿ ಬರೆದುಕೊಂಡಳು.

ಮಾರ್ಚ್ ೧೯, ಬುಧವಾರ

ಬಂದಳು. ರೇಡಿಯೋನನ್ನೂ ಕರೆಸಿದ್ದೆ. ಕಂಡಕ್ಟರಮ್ಮನಿಗೂ ಹೇಳಿ ಕಳಿಸಿದ್ದೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದಳು, ಚೀಲ ಹೆಗಲಿಗೆ. ಮೂವರು ಹೊಲಿಗೆಯವರು, ಮಗ. ಆ ದಿನ ಇದ್ದವರಲ್ಲಿ ಒಬ್ಬರೂ ತಪ್ಪಿರಲಿಲ್ಲ.

ಡಿಸ್ಕನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟೆ.

"ಸಿಕ್ತಾ!" ಎಂದ ಮಗ. "ಎಲ್ಲಿಟ್ಟಿದ್ದರು ಅತ್ತೆ?"

"ಅವಳಿಟ್ಟಿರಲಿಲ್ಲ," ಎಂದೆ. "ನಾನು ತೆಗೆದೆ. ನನ್ನ ಬೀರುವಲ್ಲಿತ್ತು. ಮೊದಲ ದಿನದಿಂದ ನನಗೆ ಗೊತ್ತಿತ್ತು."

ಇಷ್ಟು ಹೇಳಲು ಹದಿನಾರು ದಿನ ಬೇಕಾಯಿತು. ಹೊಲಿಗೆ ಯಂತ್ರವೊಂದು ಓಡುತ್ತಿತ್ತು, ಅದೂ ನಿಂತಿತು.

ನಾದಿನಿ ಕೇಳಿದಳು: "ಯಾವ ದಿನ?"

"ಭಾನುವಾರ ಮಧ್ಯಾಹ್ನ."

"ನಾನು ಲೈಬ್ರರಿಗೆ ಹೋಗಿದ್ದೆ."

"ಹೌದು."

"ಹಾಗಾದರೆ ನಾನು ತೆಗೀಲಿಲ್ಲ."

"ಇಲ್ಲ."

"ನಾನು ಬಿಚ್ಚಿದ್ದು ನೆನಪಿಲ್ಲ ಅಂದೆ. ಯಾಕೆಂದರೆ ನಾನು ಬಿಚ್ಚಲಿಲ್ಲ."

"ಬಿಚ್ಚಲಿಲ್ಲ. ತಪ್ಪು ನನ್ನದು."

ಅವಳು ಅಲ್ಲೇ ಇದ್ದ ಮುಕ್ಕಾಲಿಯ ಮೇಲೆ ಕೂತಳು. ಕೈಚೀಲದಿಂದ ಆ ಪುಸ್ತಕ ತೆಗೆದು ಮಡಿಲಲ್ಲಿಟ್ಟುಕೊಂಡಳು, ತೆರೆಯಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಬಗ್ಗೆ ಬರೆಯಲಾರೆ. ಬೈದಿದ್ದರೆ ಬರೆಯುತ್ತಿದ್ದೆ.

ಕಂಡಕ್ಟರಮ್ಮ, "ದೊಡ್ಡಮ್ಮ, ನನ್ನ ಬಸ್ಸಲ್ಲಿ ಟಿಕೆಟ್ ಇಲ್ಲದವರು ಸಿಕ್ಕಿಬಿದ್ದಾಗಲೂ ನನಗೆ ಇಷ್ಟು ಸಂಕಟ ಆಗಲ್ಲ," ಎಂದು ಹೊರಟುಹೋದಳು.

ನಾದಿನಿ ಎದ್ದಳು. ಪೆಟ್ಟಿಗೆ ಬಿಚ್ಚಿ, ನೇತಾಡುವ ತಂತಿಗೆ ಹಳೆಯ ಡಿಸ್ಕು ಸಿಕ್ಕಿಸಿದಳು. ಟಕಟಕ ಸದ್ದಾಯಿತು, ಪರದೆ ಬೆಳಗಿತು. ರೇಡಿಯೋ ಏನೋ ಹೇಳಲು ಹೋದ. "ಸುಮ್ಮನಿರಪ್ಪ," ಎಂದಳು. ಅವನಿಗೆ ಹಾಗೆ ಹೇಳಿದವರನ್ನು ನಾನು ನೋಡಿರಲಿಲ್ಲ. ಹೊಸ ಡಿಸ್ಕಿನ ಪದ್ಧತಿಯನ್ನು ಈ ಪೆಟ್ಟಿಗೆಗೆ ತಿಳಿಯುವ ಹಾಗೆ ಬದಲಿಸಿ, ಚೀಟಿಯನ್ನು ಅದರಲ್ಲೇ ಬರೆದಳಂತೆ. ನನಗೆ ಕಂಡದ್ದು ಅವಳ ಕೈ. ಒಂದು ಸಲವೂ ಹಿಂದಕ್ಕೆ ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಆರಿಸಿ, ನನ್ನ ಕಡೆ ಸ್ಕ್ರೂಡ್ರೈವರ್ ಚಾಚಿದಳು.

"ಈಗ ತೆಗೀರಿ."

"ನಾನಾ?"

"ನೀವೇ ತೆಗೀರಿ. ಎಲ್ಲರೂ ನೋಡಲಿ."

ತೆಗೆದೆ. ಒಂದು ಸ್ಕ್ರೂ ಕೈಜಾರಿ ಬಿತ್ತು, ಹೊಲಿಗೆಯಾಕೆ ಹುಡುಕಿಕೊಟ್ಟಳು. ಗುಂಡಿ ಒತ್ತಿದೆ. ಕಪ್ಪು ಪರದೆ. ಆಮೇಲೆ ಪಾದಗಳ ಪಟ್ಟಿ ಬಂತು, ಮೊದಲಿನಿಂದ ಕೊನೆಯವರೆಗೆ.

ಮನೆಗೆ ನಡಿ ಎಂದೆ. ಊಟವಾದರೂ ಮಾಡು ಎಂದೆ.

"ಕೆಲಸಕ್ಕೆ ಬರ್ತೀನಿ ಅತ್ತಿಗೆ, ನಾಳೆಯಿಂದಲೇ. ಮನೆಗೆ ಈಗ ಬೇಡ."

"ಎಷ್ಟು ದಿನ?"

"ಗೊತ್ತಿಲ್ಲ." ಬಾಗಿಲ ಹತ್ತಿರ ನಿಂತಳು. "ಡಿಸ್ಕು ಹೋಗಿದ್ದರೆ ಹೋಗಲಿ ಅತ್ತಿಗೆ. ಡಾಕ್ಟರ ಮುಂದೆ ನಾನು ನಿಮ್ಮ ಮುಖ ನೋಡ್ತಾ ಇದ್ದೆ."

ನೋಡುತ್ತಿದ್ದಳು. ಪ್ರತಿ ಉತ್ತರಕ್ಕೂ.

ಮಾರ್ಚ್ ೨೦, ಗುರುವಾರ

ಬೆಳಿಗ್ಗೆ ಮೊದಲ ಬಸ್ಸಿಗೆ ಒಬ್ಬಳೇ ಡಾಕ್ಟರಮ್ಮನ ಹತ್ತಿರ ಹೋದೆ. ಚೀಟಿ ಇಲ್ಲದೆ ಬಿಡುವುದಿಲ್ಲ ಎಂದರು. ಕೂತೆ. ಮೂರು ಗಂಟೆ ಕೂತೆ. ಒಳಗೆ ಹೋಗಿ ಫೈಲು ತೆಗೆಸಿದೆ.

"ಇದರಲ್ಲಿ ನಾನು ಹೌದು ಎಂದದ್ದು ಸುಳ್ಳು. ಡಿಸ್ಕು ತೆಗೆದವಳು ನಾನು. ಅವಳು ಮರೆತಿರಲಿಲ್ಲ, ಅವಳನ್ನು ಮರೆತವಳನ್ನಾಗಿ ಮಾಡಿದವಳು ನಾನು," ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೊರಗೆ ಕಾಯುವವರು ಕೆಮ್ಮುತ್ತಿದ್ದರು. ಮಾತ್ರೆ ಈಗಲೇ ನಿಲ್ಲಿಸಲು ಹೇಳಿ, ಹೇಳಿದ್ದನ್ನು ಬರೆದುಕೊಡಿ ಎಂದರು.

ಹಳೆಯ ಸಹಿಯ ಕೆಳಗೆ ಬರೆದೆ. ಡಿಸ್ಕು, ಭಾನುವಾರ, ಬೀರು, ಹೌದು ಎಂದದ್ದು, ಒಂದನ್ನೂ ಬಿಡಲಿಲ್ಲ. ಹಳೆಯದನ್ನು ಹೊಡೆದುಹಾಕಲೇ ಎಂದು ಅವರು ಕೇಳಿದರು. ಬೇಡ, ಎರಡೂ ಇರಲಿ ಎಂದೆ. ಸಹಿ ಹಾಕಿದೆ. ಈ ಸಲ ಅಕ್ಷರ ಅಷ್ಟು ಚೆನ್ನಾಗಿ ಬರಲಿಲ್ಲ.

ನಕಲು ತೆಗೆಸಿಕೊಂಡು, ಆ ಕಂದು ಕಾಗದವನ್ನೂ ಜೊತೆಗಿಟ್ಟು, ಅವಳ ಕಂಪ್ಯೂಟರಿನ ಮೇಜಿನ ಮೇಲೆ ಇಟ್ಟು ಬಂದೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹಳೆಯ ಡಿಸ್ಕು ಪಕ್ಕದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ನಾನೂ ಮುಟ್ಟಲಿಲ್ಲ.